ಬೆಂಗಳೂರಿಗೆ ಕೆಲಸಕ್ಕೆ ಬರ್ತಿದ್ದೀರಾ? ಮೊದಲು ಕೆಲಸ ಹಿಡಿಯಿರಿ, ಆಮೇಲೆ ಮನೆ

ಐಟಿಐ, ಡಿಪ್ಲೊಮಾ ಮುಗಿಸಿ ಊರಿಂದ ಬೆಂಗಳೂರಿಗೆ ಹೊರಡುವವರು ಒಂದು ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೆ. ಕೆಲಸ ಸಿಗುವ ಮುಂಚೆಯೇ ವಿಜಯನಗರದಲ್ಲಿ ರೂಮು ಹಿಡಿದೆ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡನ್ನು ಅಡ್ವಾನ್ಸ್ ಕಟ್ಟಿದೆ. ಕೆಲಸ ಸಿಕ್ಕಿದ್ದು ಬೊಮ್ಮಸಂದ್ರದಲ್ಲಿ. ಆಗ ಆ ಕಡೆಗೆ ಮೆಟ್ರೊ ಇರಲಿಲ್ಲ. ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲೇ ಹೋಗುತ್ತಿತ್ತು. ಮೂರನೇ ತಿಂಗಳಿಗೆ ರೂಮು ಖಾಲಿ ಮಾಡಿದೆ. ಅಡ್ವಾನ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಆ ದುಡ್ಡು ನಿಮ್ಮ ಮನೆಯಲ್ಲಿ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಆಧಾರ್, ಪ್ಯಾನ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಐದೈದು ಜೆರಾಕ್ಸ್ ಮಾಡಿಸಿಕೊಳ್ಳಿ. ಫೋಟೊ ಒಂದು ಡಜನ್ ಇರಲಿ. ಆಧಾರ್‌ಗೆ ಸೇರಿಸಿದ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯಾ ನೋಡಿ. ಅದಿಲ್ಲದೆ ಪಿಎಫ್ ಖಾತೆ ಶುರು ಮಾಡುವುದೇ ತಲೆನೋವು. ಒರಿಜಿನಲ್ ಅಂಕಪಟ್ಟಿಯನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ತೋರಿಸಿ, ವಾಪಸ್ ಇಟ್ಟುಕೊಳ್ಳಿ. ಎರಡು ತಿಂಗಳ ಊಟ, ಬಾಡಿಗೆ, ಓಡಾಟಕ್ಕೆ ಆಗುವಷ್ಟು ದುಡ್ಡು ಕೈಯಲ್ಲಿರಬೇಕು. ಮೊದಲ ಸಂಬಳ ಬರೋದು ತಿಂಗಳು ದುಡಿದ ಮೇಲೆ, ಅಲ್ವಾ?

ಎಲ್ಲಿ ಇಳಿಯಬೇಕು, ಎಲ್ಲಿ ಹುಡುಕಬೇಕು

ಬೆಂಗಳೂರು ಅಂದರೆ ಮೆಜೆಸ್ಟಿಕ್ ಅಂದುಕೊಳ್ಳಬೇಡಿ. ನಿಮ್ಮ ಕೆಲಸ ಯಾವ ಭಾಗದಲ್ಲಿದೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ಟರ್ನರ್, ಫಿಟ್ಟರ್, ಸಿಎನ್‌ಸಿ ಆಪರೇಟರ್ ಕೆಲಸಕ್ಕೆ ಪೀಣ್ಯ ದೊಡ್ಡ ಜಾಗ. ಬೊಮ್ಮಸಂದ್ರ, ಜಿಗಣಿ ಕಡೆಯೂ ಕಾರ್ಖಾನೆಗಳು ಬಹಳ. ಸಾಫ್ಟ್‌ವೇರ್‌ನವರಿಗೆ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿ.

ಹುಬ್ಬಳ್ಳಿ, ದಾವಣಗೆರೆ ಕಡೆಯ ಬಸ್ಸುಗಳು ತುಮಕೂರು ರಸ್ತೆಯಲ್ಲೇ ಬರುತ್ತವೆ. ಪೀಣ್ಯಕ್ಕೆ ಹೋಗುವವರು ಜಾಲಹಳ್ಳಿ ಕ್ರಾಸ್‌ನಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದರೆ ಸಾಕು. ಸುಮ್ನೆ ಮೆಜೆಸ್ಟಿಕ್‌ವರೆಗೆ ಹೋಗಿ ವಾಪಸ್ ಬರಬೇಡಿ.

ಆನ್‌ಲೈನ್‌ನಲ್ಲಿ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್‌ಗಳಿವೆ. ಎರಡರಲ್ಲೂ ಹೆಸರು ನೋಂದಾಯಿಸಿ. ಆದರೆ ಕಾರ್ಖಾನೆ ಕೆಲಸಕ್ಕೆ ಕಾಲ್ನಡಿಗೆಯೇ ಒಳ್ಳೆಯದು. ಬೆಳಿಗ್ಗೆ ಒಂಬತ್ತಕ್ಕೆ ಪೀಣ್ಯದ ಅಡ್ಡರಸ್ತೆಗಳಲ್ಲಿ ನಡೆದು ನೋಡಿ. ಗೇಟಿಗೆ ಕಟ್ಟಿದ ರಟ್ಟಿನ ಮೇಲೆ ಮಾರ್ಕರ್‌ನಲ್ಲಿ ‘ಹೆಲ್ಪರ್ ಬೇಕಾಗಿದ್ದಾರೆ’, ‘ವಿಎಂಸಿ ಆಪರೇಟರ್ ಬೇಕು’ ಅಂತ ಬರೆದಿರುತ್ತದೆ. ಸೆಕ್ಯೂರಿಟಿಯವರನ್ನು ವಿನಯದಿಂದ ಕೇಳಿ. ಎಷ್ಟೋ ಸಲ ಅವರೇ ಒಳಗೆ ಕಳಿಸುತ್ತಾರೆ.

ಕೆಲಸ ಕೊಡಿಸೋದಕ್ಕೆ ‘ರಿಜಿಸ್ಟ್ರೇಷನ್ ಫೀ’, ‘ಯೂನಿಫಾರ್ಮ್ ಡೆಪಾಸಿಟ್’ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಫೋನಿನಲ್ಲೇ ಮೋಸ ಆಗಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸೇರುವ ಮುಂಚೆ ನಾಲ್ಕು ಪ್ರಶ್ನೆ ಕೇಳಲೇಬೇಕು. ಸಂಬಳ ಕಂಪನಿಯದೋ, ಕಾಂಟ್ರಾಕ್ಟರ್‌ದೋ? ಎಲ್ಲ ಕಟ್ ಆಗಿ ಕೈಗೆ ಎಷ್ಟು ಬರುತ್ತೆ? ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇದೆಯಾ? ಓವರ್‌ಟೈಮ್‌ಗೆ ಹೇಗೆ ಲೆಕ್ಕ? ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು, ಕಂಪನಿ ಇಎಸ್‌ಐಗೆ ಒಳಪಟ್ಟಿದ್ದರೆ ಆಸ್ಪತ್ರೆ ಖರ್ಚಿನ ಚಿಂತೆ ದೊಡ್ಡದಾಗಿ ಕಡಿಮೆಯಾಗುತ್ತದೆ. ಹೊಸ ಊರಲ್ಲಿ ಜ್ವರ ಬಂದು ಮಲಗಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಮೊದಲ ತಿಂಗಳು ಪಿಜಿ ಸಾಕು

ಕೆಲಸ ಗಟ್ಟಿಯಾಗುವವರೆಗೆ ಪಿಜಿಯಲ್ಲೋ ಊರಿನ ಹುಡುಗರ ರೂಮಿನಲ್ಲೋ ಇರಿ. ಪಿಜಿ ಸೇರುವ ಮುಂಚೆ ಅಲ್ಲಿರುವವರ ಜೊತೆ ಮಾತಾಡಿ, ಒಂದು ಹೊತ್ತು ಊಟ ಮಾಡಿ ನೋಡಿ. ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಅಡ್ವಾನ್ಸ್‌ನಲ್ಲಿ ಎಷ್ಟು ಮುರಿಯುತ್ತಾರೆ ಅನ್ನೋದನ್ನು ರಸೀದಿಯಲ್ಲೇ ಬರೆಸಿಕೊಳ್ಳಿ. ಸ್ವಂತ ಅಡುಗೆ ಮಾಡುವವರಿಗೆ 5 ಕೆಜಿಯ ಸಣ್ಣ ಸಿಲಿಂಡರ್ ಸಿಗುತ್ತದೆ. ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಿಎಂಟಿಸಿ ಸಾಮಾನ್ಯ ಬಸ್ಸಿನ ಖರ್ಚೂ ಉಳಿಯುತ್ತದೆ.

ಮನೆ ನೋಡುವುದು ಹೀಗೆ

ಕೆಲಸದ ಜಾಗದಿಂದ ಒಂದು ಬಸ್ಸಿನ ದೂರದಲ್ಲಿ ಹುಡುಕಿ. ಪೀಣ್ಯದವರು ದಾಸರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿ ನೋಡಬಹುದು. ಬೊಮ್ಮಸಂದ್ರದವರಿಗೆ ಹೆಬ್ಬಗೋಡಿ, ಚಂದಾಪುರ. 2025ರಿಂದ ಹಳದಿ ಮೆಟ್ರೊ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಓಡುತ್ತಿರುವುದರಿಂದ ಸ್ವಲ್ಪ ದೂರದಲ್ಲಿದ್ದರೂ ನಡೆಯುತ್ತದೆ. ಬ್ರೋಕರ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ. ಭಾನುವಾರ ಗಲ್ಲಿ ಗಲ್ಲಿ ಸುತ್ತಿ ‘ಟು ಲೆಟ್’ ಬೋರ್ಡ್ ನೋಡಿದರೆ ಅದು ಉಳಿಯುತ್ತದೆ. ಮೂಲೆಯ ಕಿರಾಣಿ ಅಂಗಡಿಯವರಿಗೆ ಖಾಲಿ ಮನೆಗಳ ಸುದ್ದಿ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ.

ಮನೆ ಇಷ್ಟವಾದರೆ ಬೆಳಿಗ್ಗೆ ಆರೂವರೆಗೆ ಇನ್ನೊಂದು ಸಲ ಹೋಗಿ, ಬಚ್ಚಲ ನಲ್ಲಿ ತಿರುಗಿಸಿ. ನಾನು ಎರಡನೇ ಮನೆ ನೋಡುವಾಗ ಹಾಗೆ ಮಾಡಿದೆ. ಮೊದಲು ಗಾಳಿ ಬುಸ್ ಅಂತ ಬಂತು, ಆಮೇಲೆ ತುಕ್ಕಿನ ಬಣ್ಣದ ನಾಲ್ಕು ಹನಿ. ಪಕ್ಕದ ಮನೆಯ ಅಕ್ಕ ಕೊಡ ಹಿಡಿದು ಕೆಳಗಿನ ಸಂಪಿನ ಹತ್ತಿರ ಹೋಗುತ್ತಿದ್ದರು. ಕೇಳಿದೆ. ‘ಬೋರ್ ನೀರು, ಬೇಸಿಗೇಲಿ ಅದೂ ಇಲ್ಲಪ್ಪ, ಟ್ಯಾಂಕರ್‌ಗೆ ಎಲ್ರೂ ದುಡ್ಡು ಹಾಕ್ಬೇಕು’ ಅಂದರು. ಆ ಮನೆ ಬಿಟ್ಟೆ. ಅದಕ್ಕೇ ಹೇಳುತ್ತಿದ್ದೇನೆ: ಕಾವೇರಿ ನೀರು ಬರುತ್ತಾ, ಎಷ್ಟು ದಿನಕ್ಕೊಮ್ಮೆ, ಟ್ಯಾಂಕರ್ ಖರ್ಚು ಯಾರದು ಅನ್ನೋದನ್ನು ಓನರ್ ಜೊತೆಗೆ ಅಕ್ಕಪಕ್ಕದವರನ್ನೂ ಕೇಳಿ.

ಕರೆಂಟ್ ಮೀಟರ್ ನಿಮ್ಮ ಮನೆಗೆ ಬೇರೆ ಇದೆಯಾ ನೋಡಿ. ಗೃಹಜ್ಯೋತಿಯ ಉಚಿತ ಕರೆಂಟ್ ಬಾಡಿಗೆದಾರರಿಗೂ ಇದೆ. ಅದಕ್ಕೆ ಆ ಮೀಟರಿನ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್) ಬೇಕು. ಎರಡು ಮೂರು ಮನೆಗೆ ಒಂದೇ ಮೀಟರ್ ಇದ್ದರೆ ಬಿಲ್ ಹೇಗೆ ಹಂಚುತ್ತಾರೆ ಅಂತ ಮೊದಲೇ ಮಾತಾಡಿ.

ಅಡ್ವಾನ್ಸ್ ಮತ್ತು ಅಗ್ರಿಮೆಂಟ್

ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಹಿಂದಿನಿಂದ ಇದೆ. ಕೇಳಿದಷ್ಟನ್ನೂ ಕೊಡಬೇಕಂತಿಲ್ಲ. ಐದರಿಂದ ಮಾತು ಶುರು ಮಾಡಿ, ಒಪ್ಪುವವರು ಇದ್ದಾರೆ. ನಗದು ಕೊಡಬೇಡಿ, ಬ್ಯಾಂಕ್ ಮೂಲಕವೇ ಹಾಕಿ. ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳದ್ದು, ಏಕೆಂದರೆ ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಸಹಿ ಹಾಕುವ ಮುಂಚೆ ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಿಡಲು ಎಷ್ಟು ತಿಂಗಳ ನೋಟಿಸ್, ಈ ಮೂರು ಸಾಲು ಓದಿ. ಇಲ್ಲದಿದ್ದರೆ ಬರೆಸಿ. ವಿಜಯನಗರದ ನನ್ನ ಕಾಗದದಲ್ಲಿ ಪೇಂಟಿಂಗ್ ಮಾತೇ ಇರಲಿಲ್ಲ. ಮೊದಲೇ ಇದ್ದ ಮೊಳೆ ತೂತುಗಳಿಗೂ ನನ್ನ ದುಡ್ಡೇ ಹೋಯಿತು.

ಸಾಮಾನು ಒಳಗಿಡುವ ಮುಂಚೆ ಗೋಡೆ, ಬಾಗಿಲು, ಸಿಂಕು, ಮೀಟರ್ ರೀಡಿಂಗ್ ಫೋಟೊ ತೆಗೆದು ಅವತ್ತೇ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ. ಖಾಲಿ ಮಾಡುವ ದಿನ ಅದೇ ಫೋಟೊ ಮುಂದಿಟ್ಟು ಲೆಕ್ಕ ಮುಗಿಸಿ. ಅಡ್ವಾನ್ಸ್ ಖಾತೆಗೆ ಬಂದ ಮೇಲೆ ಕೀ ಕೊಡಿ.