ಶಾಲೆ ಶುರುವಾಗುತ್ತಿದೆ, ಮಗುವಿನ ರಿಪೋರ್ಟ್ ಇನ್ನೂ ಬಂದಿಲ್ಲ: ಕ್ಯಾಲಿಫೋರ್ನಿಯಾದ ಕನ್ನಡಿಗ ಅಪ್ಪ ಅಮ್ಮಂದಿರಿಗೆ

ನಮ್ಮ ಬೇ ಏರಿಯಾದಲ್ಲಿ ಶಾಲೆಗಳು ಹೆಚ್ಚು ಕಡಿಮೆ ಆಗಸ್ಟ್ ಎರಡನೇ ವಾರಕ್ಕೆ ಬಾಗಿಲು ತೆರೆಯುತ್ತವೆ. ಮಗ ಎರಡನೇ ಕ್ಲಾಸಿಗೆ ಹೋಗಬೇಕಿದ್ದ ವರ್ಷ, ಅವನ ಕಲಿಕೆಯ ತೊಂದರೆ ಏನೆಂದು ತಿಳಿಯಲು ಖಾಸಗಿ ಸೈಕಾಲಜಿಸ್ಟ್ ಹತ್ತಿರ ಮಾಡಿಸಿದ ಟೆಸ್ಟಿಂಗ್ ಮುಗಿದಾಗ ಜುಲೈ ಕೊನೆಯಾಗಿತ್ತು. ಎರಡು ದಿನ, ಬೆಳಗ್ಗೆ ಹೊತ್ತು, ಒಟ್ಟು ಐದು ಗಂಟೆ. ರಿಪೋರ್ಟ್‌ಗೆ ಆರು ವಾರ ಬೇಕು ಎಂದರು. ಅಂದರೆ ಶಾಲೆ ಶುರುವಾಗಿ ಸುಮಾರು ಒಂದು ತಿಂಗಳಾದ ಮೇಲೆ. ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಅವನು ಕೇಳಿದ: “ಅಮ್ಮಾ, ನಾನು ಪಾಸಾ?”

ಮೊದಲ ಎರಡು ವಾರ ನಾನು ಏನೂ ಮಾಡದೆ ಸುಮ್ನೆ ಕೂತೆ. ರಿಪೋರ್ಟ್ ಕೈಗೆ ಬರಲಿ, ಆಮೇಲೆ ಶಾಲೆಗೆ ಹೇಳೋಣ ಅಂದುಕೊಂಡಿದ್ದೆ. ನಮ್ಮಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ. ಕೈಯಲ್ಲಿ ಕಾಗದ ಇಲ್ಲದೆ ಬಾಯಿ ಬಿಡಬಾರದು ಎನ್ನುವುದು ನಮಗೆ ರೂಢಿ. ಆದರೆ ಇಲ್ಲಿನ ವ್ಯವಸ್ಥೆ ನಡೆಯುವುದೇ ಬೇರೆ ಥರ. ಮಗುವನ್ನು ಪರೀಕ್ಷಿಸಿ ಎಂದು ನೀವು ಶಾಲೆಗೆ ಪತ್ರ ಬರೆದ ದಿನದಿಂದ ಶಾಲೆಯ ಗಡಿಯಾರ ಓಡುತ್ತದೆ. ರಿಪೋರ್ಟ್ ಬಂದ ದಿನದಿಂದ ಅಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಮಗುವನ್ನು ಪರೀಕ್ಷೆ ಮಾಡಿಸಲು ಇಲ್ಲಿ ಎರಡು ದಾರಿಗಳಿವೆ. ಒಂದು, ಖಾಸಗಿ ಸೈಕಾಲಜಿಸ್ಟ್ ಅಥವಾ ಆಸ್ಪತ್ರೆ. ದುಡ್ಡು ನಿಮ್ಮದು, ರಿಪೋರ್ಟೂ ನಿಮ್ಮದು. ಓದು ಬರಹದ ತೊಂದರೆಗೆಂದು ಮಾಡುವ ಟೆಸ್ಟಿಂಗ್‌ಗೆ ಇನ್ಶೂರೆನ್ಸ್ ಹೆಚ್ಚಾಗಿ ಹಣ ಕೊಡುವುದಿಲ್ಲ, ಅದನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಇನ್ನೊಂದು ಪಬ್ಲಿಕ್ ಶಾಲೆಯದೇ ಪರೀಕ್ಷೆ. ಅದಕ್ಕೆ ಒಂದು ಡಾಲರ್ ಕೂಡ ಕೊಡಬೇಕಿಲ್ಲ. 1975ರಲ್ಲಿ ಬಂದ, ಈಗ ಐಡಿಯಾ ಎಂದು ಕರೆಯುವ ಫೆಡರಲ್ ಕಾನೂನು ಇದನ್ನು ಮಗುವಿನ ಹಕ್ಕು ಎಂದು ಮಾಡಿದೆ. ನೀವು ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಮಗು ಎಚ್-4ರಲ್ಲೇ ಇರಲಿ, ಈ ಹಕ್ಕು ಒಂದೇ. ವೀಸಾಕ್ಕೆ ತೊಂದರೆ ಆಗುತ್ತದೇನೋ ಎಂದು ಹೆದರಿ ಎರಡು ವರ್ಷ ಕಳೆದುಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ನೋಡಿದಾಗೆಲ್ಲ ಸಂಕಟವಾಗುತ್ತದೆ.

ಈ ಎರಡು ದಾರಿ ಕೇಳುವ ಪ್ರಶ್ನೆಯೂ ಬೇರೆ. ಡಾಕ್ಟರು ಕೇಳುವುದು, ಮಗುವಿಗೆ ಎಡಿಎಚ್‌ಡಿ (ಗಮನ ನಿಲ್ಲದ ತೊಂದರೆ) ಇದೆಯಾ, ಆಟಿಸಂ ಇದೆಯಾ, ಡಿಸ್‌ಲೆಕ್ಸಿಯಾ (ಓದುವುದರಲ್ಲಿ ತೊಂದರೆ) ಇದೆಯಾ ಎಂದು. ಶಾಲೆ ಕೇಳುವುದು, ಕಾನೂನಿನ 13 ವರ್ಗಗಳಲ್ಲಿ ಒಂದಕ್ಕೆ ಮಗು ಸೇರುತ್ತದೆಯೇ, ಅದರಿಂದ ಕಲಿಕೆಗೆ ಪೆಟ್ಟು ಬೀಳುತ್ತಿದೆಯೇ, ವಿಶೇಷ ಪಾಠ ಬೇಕೇ ಎಂದು. ಹಾಗಾಗಿ ಖಾಸಗಿ ರಿಪೋರ್ಟ್‌ನಲ್ಲಿ ಡಯಾಗ್ನೋಸಿಸ್ ಇದ್ದರೂ ಶಾಲೆ ಐಇಪಿ, ಅಂದರೆ ಆ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ, ಕೊಡಲೇಬೇಕೆಂದಿಲ್ಲ. ಆ ರಿಪೋರ್ಟನ್ನು ಓದಿ ಗಣನೆಗೆ ತೆಗೆದುಕೊಳ್ಳಬೇಕು, ಅಷ್ಟೇ. ಡಯಾಗ್ನೋಸಿಸ್ ಇಲ್ಲದೆ ಐಇಪಿ ಸಿಗುವುದೂ ಉಂಟು. ವರ್ಷಕ್ಕೊಮ್ಮೆಯಾದರೂ ಕೂತು ಐಇಪಿಯನ್ನು ತಿದ್ದುತ್ತಾರೆ.

ಈಗ ದಿನಗಳ ಲೆಕ್ಕಕ್ಕೆ ಬರೋಣ. ಇದನ್ನು ತಾಳ್ಮೆಯಿಂದ ಓದಿ, ನಮ್ಮವರು ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ನೀವು “ನನ್ನ ಮಗುವನ್ನು ವಿಶೇಷ ಶಿಕ್ಷಣಕ್ಕಾಗಿ ಅಸೆಸ್ ಮಾಡಿ” ಎಂದು ಬರೆದುಕೊಟ್ಟ ಮೇಲೆ 15 ದಿನಗಳೊಳಗೆ ಶಾಲೆ ಅಸೆಸ್‌ಮೆಂಟ್ ಪ್ಲಾನ್ ಕಳಿಸಬೇಕು. ಯಾವ ಯಾವ ವಿಷಯದಲ್ಲಿ ಪರೀಕ್ಷೆ, ಯಾರು ಮಾಡುತ್ತಾರೆ ಎಂದು ಅದರಲ್ಲಿ ಇರುತ್ತದೆ. ನೋಡಿ ಸಹಿ ಹಾಕಲು ನಿಮಗೆ ಕನಿಷ್ಠ 15 ದಿನ ಇದೆ. ಸಹಿ ಮಾಡಿದ ಪ್ಲಾನ್ ಶಾಲೆಯ ಕೈ ಸೇರಿದ ದಿನದಿಂದ 60 ದಿನಗಳೊಳಗೆ ಪರೀಕ್ಷೆ ಮುಗಿಸಿ ಐಇಪಿ ಮೀಟಿಂಗ್ ಕರೆಯಬೇಕು. ಶನಿವಾರ, ಭಾನುವಾರ ಎಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಆದರೆ ಐದು ಶಾಲಾ ದಿನಗಳಿಗಿಂತ ಜಾಸ್ತಿ ರಜೆ ಬಂದರೆ ಗಡಿಯಾರ ನಿಲ್ಲುತ್ತದೆ. ಬೇಸಿಗೆ ರಜೆ ಪೂರ್ತಿ ನಿಂತೇ ಇರುತ್ತದೆ.

ಒಂದು ಉದಾಹರಣೆ ನೋಡಿ. ಏಪ್ರಿಲ್ 28ಕ್ಕೆ ಪತ್ರ ಕೊಟ್ಟಿರಿ. ಮೇ 20ಕ್ಕೆ ಸಹಿ ಮಾಡಿದ ಪ್ಲಾನ್ ಶಾಲೆಗೆ ತಲುಪಿತು. ಜೂನ್ 5ಕ್ಕೆ ರಜೆ. ಅಲ್ಲಿಗೆ 16 ದಿನ ಕಳೆಯಿತು. ಆಗಸ್ಟ್ 13ಕ್ಕೆ ಶಾಲೆ ತೆರೆದರೆ ಉಳಿದ 44 ದಿನ ಆಗ ಮುಂದುವರಿಯುತ್ತದೆ. ಮೀಟಿಂಗ್ ಸೆಪ್ಟೆಂಬರ್ ಕೊನೆಗೆ ಬಂದು ನಿಲ್ಲುತ್ತದೆ. ಜೂನ್ ಜುಲೈನಲ್ಲಿ ಶಾಲೆಯ ಆಫೀಸಿಗೆ ಎಷ್ಟು ಫೋನ್ ಮಾಡಿದರೂ ಯಾರೂ ಎತ್ತದಿರುವುದು ಇದಕ್ಕೇ. ಅವರು ನಿಮ್ಮನ್ನು ಮರೆತಿಲ್ಲ. ಶಾಲಾ ವರ್ಷದ ಕೊನೆಯ 30 ದಿನಗಳಲ್ಲಿ ನೀವು ಪತ್ರ ಕೊಟ್ಟಿದ್ದರೆ ನಿಯಮ ಸ್ವಲ್ಪ ಬೇರೆ. ಹೊಸ ವರ್ಷ ಶುರುವಾದ 30 ದಿನಗಳೊಳಗೆ ಐಇಪಿ ತಯಾರಾಗಬೇಕು.

ಬೇರೆ ರಾಜ್ಯದಲ್ಲಿ ಇರುವವರು ನಿಮ್ಮ ರಾಜ್ಯದ ಲೆಕ್ಕ ನೋಡಿಕೊಳ್ಳಿ. ಟೆಕ್ಸಾಸ್‌ನಲ್ಲಿ ರಿಪೋರ್ಟ್‌ಗೆ 45 ಶಾಲಾ ದಿನ. ನ್ಯೂಜೆರ್ಸಿಯಲ್ಲಿ ಒಪ್ಪಿಗೆ ಕೊಟ್ಟಲ್ಲಿಂದ ಯೋಜನೆ ಜಾರಿಗೆ ಬರುವವರೆಗೆ 90 ದಿನ.

ಹಾಗಾದರೆ ಖಾಸಗಿ ರಿಪೋರ್ಟ್‌ಗೆ ಕಾಯುತ್ತಾ ಕೂತಿರುವ ಆಗಸ್ಟ್‌ನಲ್ಲಿ ಮಾಡುವುದೇನು? ನಾನು ತಡವಾಗಿ ಮಾಡಿದ್ದನ್ನು ನೀವು ಮೊದಲೇ ಮಾಡಿ. ಟೆಸ್ಟ್ ಮಾಡಿದ ಸೈಕಾಲಜಿಸ್ಟ್‌ಗೆ ಬರೆದು ಎರಡು ವಿಷಯ ಕೇಳಿ. ಪೂರ್ತಿ ರಿಪೋರ್ಟ್‌ಗೆ ಮೊದಲೇ ಕೂತು ಮಾತಾಡುವ ಫೀಡ್‌ಬ್ಯಾಕ್ ಸೆಷನ್ ಮಾಡಬಹುದೇ ಎಂದು. ಶಾಲೆಗೆ ತೋರಿಸಲು ಒಂದು ಪುಟದ ಪತ್ರ ಕೊಡುತ್ತೀರಾ ಎಂದು. ಮಗುವಿಗೆ ಪರೀಕ್ಷೆ ನಡೆದಿದೆ, ಇಂಥ ದಿನ ರಿಪೋರ್ಟ್ ಬರುತ್ತದೆ, ಅಲ್ಲಿವರೆಗೆ ಕ್ಲಾಸಿನಲ್ಲಿ ಇಂಥದ್ದು ಮಾಡಿದರೆ ಒಳ್ಳೆಯದು, ಇಷ್ಟಿದ್ದರೆ ಸಾಕು. ನಾನು ಕೇಳಿದ್ದಕ್ಕೆ ನಾಲ್ಕೇ ದಿನದಲ್ಲಿ ಪತ್ರ ಬಂತು. ಕೇಳದೇ ಇದ್ದಿದ್ದರೆ ಬರುತ್ತಿರಲಿಲ್ಲ.

ಅದೇ ವಾರ ಪ್ರಿನ್ಸಿಪಾಲ್‌ಗೆ ಈಮೇಲ್ ಹಾಕಿ ಶಾಲೆಯ ಅಸೆಸ್‌ಮೆಂಟ್ ಕೂಡ ಕೇಳಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ತಾರೀಖು ಇರುವುದಿಲ್ಲ, ಈಮೇಲ್‌ಗೆ ಇರುತ್ತದೆ. “ಖಾಸಗಿ ರಿಪೋರ್ಟ್ ಬಂದ ಮೇಲೆ ನೋಡೋಣ” ಎಂದು ಯಾರಾದರೂ ಹೇಳಿದರೆ, ಕಾನೂನು ಹಾಗೆ ಕಾಯಲು ಹೇಳುವುದಿಲ್ಲ ಎನ್ನುವುದು ನಿಮಗೆ ಗೊತ್ತಿರಲಿ. ಅಸೆಸ್‌ಮೆಂಟ್ ಬೇಡ ಎಂದು ಶಾಲೆಗೆ ಅನ್ನಿಸಿದರೆ, ಯಾಕೆ ಬೇಡ ಎಂದು ಅವರು ಬರವಣಿಗೆಯಲ್ಲೇ ಕೊಡಬೇಕು. ಜಗಳ ಬೇಕಿಲ್ಲ. “ಅದನ್ನೇ ದಯವಿಟ್ಟು ಬರೆದು ಕಳಿಸಿ” ಎಂದರೆ ಸಾಕು.

ಒಂದು ಒಳಗುಟ್ಟು. ಖಾಸಗಿಯಾಗಿ ಯಾವ ಟೆಸ್ಟ್‌ಗಳನ್ನು ಮಾಡಿದರು ಎಂದು ಹೆಸರು ಸಮೇತ ಶಾಲೆಗೆ ತಿಳಿಸಿ. ಆರರಿಂದ ಹದಿನಾರು ವಯಸ್ಸಿನ ಮಕ್ಕಳಿಗೆ ವಿಸ್ಕ್-5 ಎಂಬ ಬುದ್ಧಿಶಕ್ತಿ ಅಳೆಯುವ ಟೆಸ್ಟನ್ನು ಎರಡೂ ಕಡೆ ಬಳಸುತ್ತಾರೆ. ಜುಲೈನಲ್ಲಿ ಒಮ್ಮೆ ಮಾಡಿ ಸೆಪ್ಟೆಂಬರ್‌ನಲ್ಲಿ ಮತ್ತೆ ಅದನ್ನೇ ಮಾಡಿದರೆ, ಮಗುವಿಗೆ ಅಭ್ಯಾಸವಾಗಿ ಅಂಕ ಏರಿಬಿಡುತ್ತದೆ. ಆಗ ನಿಜವಾದ ತೊಂದರೆ ಮುಚ್ಚಿಹೋಗುತ್ತದೆ.

ಶಾಲೆಯ ಪರೀಕ್ಷೆ ಮುಗಿಯುವವರೆಗೂ ಮಗು ಬರಿಗೈಯಲ್ಲಿ ಇರಬೇಕಿಲ್ಲ. 1973ರ ಕಾನೂನಿನ ಸೆಕ್ಷನ್ 504 ಅಡಿಯಲ್ಲಿ ಒಂದು ಪ್ಲಾನ್ ಕೇಳಬಹುದು. ಇದು ವಿಶೇಷ ಪಾಠ ಅಲ್ಲ, ಕ್ಲಾಸಿನಲ್ಲೇ ಅನುಕೂಲ ಮಾಡಿಕೊಡುವುದು. ಜಾಸ್ತಿ ಸಮಯ, ಮುಂದಿನ ಬೆಂಚು, ಒಂದೊಂದೇ ಸೂಚನೆ, ಮಧ್ಯೆ ಎದ್ದು ಓಡಾಡಲು ಬಿಡುವು. ಇದರಲ್ಲಿ ಅರ್ಧದಷ್ಟನ್ನು ಯಾವ ಕಾಗದವೂ ಇಲ್ಲದೆ ಒಳ್ಳೆಯ ಟೀಚರ್ ತಾನಾಗೇ ಮಾಡುತ್ತಾರೆ. ಅವರಿಗೆ ವಿಷಯ ಗೊತ್ತಿರಬೇಕು, ಅಷ್ಟೇ. ನಾವು ಶಾಲೆಗೆ ಎರಡು ದಿನ ಮೊದಲು ಟೀಚರ್‌ಗೆ ಐದು ಸಾಲು ಬರೆದೆವು. ಅವನಿಗೆ ಗಲಾಟೆ ಸಹಿಸಲು ಆಗುವುದಿಲ್ಲ, ಒಟ್ಟಿಗೆ ಮೂರು ಕೆಲಸ ಹೇಳಿದರೆ ಮೊದಲನೆಯದು ಮಾತ್ರ ನೆನಪಿರುತ್ತದೆ, ಡೈನೋಸಾರ್ ಮಾತು ತೆಗೆದರೆ ಮುಖ ಅರಳುತ್ತದೆ. ಮೊದಲ ದಿನ ಅವನ ಡೆಸ್ಕಿನ ಮೂಲೆಯಲ್ಲಿ ಒಂದು ಚಿಕ್ಕ ಸ್ಟೆಗೊಸಾರಸ್ ಸ್ಟಿಕ್ಕರ್ ಅಂಟಿಸಿತ್ತು. ಅದರ ಪಕ್ಕ 1, 2, 3 ಎಂದು ಬರೆದ ಪುಟ್ಟ ಚೀಟಿ, ಕೆಲಸ ಮುಗಿದಂತೆ ಗೆರೆ ಹೊಡೆಯಲು. ಫೋಟೋ ನೋಡಿ ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಇನ್ನು ನಮ್ಮ ಭಾಷೆಯ ವಿಷಯ. ಅಮೆರಿಕದ ಇಂಗ್ಲಿಷ್ ಮಾತಾಡುವ ಮಕ್ಕಳನ್ನು ಇಟ್ಟುಕೊಂಡು ಮಾಡಿದ ಟೆಸ್ಟಿನಲ್ಲಿ, ಮನೆಯಲ್ಲಿ ಕನ್ನಡ ಮಾತಾಡುವ ಮಗು ಹಿಂದೆ ಬಿದ್ದಂತೆ ಕಾಣಬಹುದು. ಮಗು ತನಗೆ ಗೊತ್ತಿರುವುದನ್ನು ಯಾವ ಭಾಷೆಯಲ್ಲಿ ಸರಿಯಾಗಿ ತೋರಿಸಬಲ್ಲದೋ ಆ ಭಾಷೆಯಲ್ಲಿ, ಆಗುವ ಮಟ್ಟಿಗೆ, ಪರೀಕ್ಷಿಸಬೇಕು ಎಂದು ಐಡಿಯಾ ಹೇಳುತ್ತದೆ. ಮೀಟಿಂಗ್‌ನಲ್ಲಿ ಅಜ್ಜಿಗೋ ಅಮ್ಮನಿಗೋ ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಕೇಳಬಹುದು. ಸಂಕೋಚ ಬೇಡ. ನಮ್ಮ ಮಗನಿಗೆ ಸ್ಪೀಚ್ ಪರೀಕ್ಷೆಯಲ್ಲಿ ಅಡುಗೆಮನೆಯ ಒಂದು ಚಿತ್ರ ತೋರಿಸಿದ್ದರಂತೆ. ಅವನು “ಸೌಟು” ಅಂದಿದ್ದಾನೆ. ಅವರು ಅದನ್ನು ಉತ್ತರವಿಲ್ಲ ಎಂದು ಗುರುತು ಹಾಕಿದ್ದರು. ರಿಪೋರ್ಟ್ ಬರುವ ಮೊದಲೇ ಮಾತಿನ ಮಧ್ಯೆ ಅದು ಹೊರಬಿತ್ತು. ಸೌಟು ಅಂದರೆ ಏನು ಎಂದು ನಾನು ವಿವರಿಸಿ ಬರೆದೆ. ಅಂಕ ಬದಲಾಗಲಿಲ್ಲ. ಆದರೆ ಮಗುವಿಗೆ ಕೆಲವು ಪದಗಳು ಕನ್ನಡದಲ್ಲಿ ಬರುತ್ತವೆ, ಇಂಗ್ಲಿಷ್ ಪದಭಂಡಾರದ ಅಂಕವನ್ನು ಎಚ್ಚರದಿಂದ ನೋಡಿ ಎಂಬ ಸಾಲು ರಿಪೋರ್ಟಿಗೆ ಸೇರಿತು. ಆ ಒಂದು ಸಾಲು ಮುಂದೆ ಬಹಳ ಕೆಲಸಕ್ಕೆ ಬಂತು. ಅಂದಹಾಗೆ, ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಎರಡು ಭಾಷೆ ಆಡುವುದರಿಂದ ಮಾತಿನ ತೊಂದರೆ ಬರುವುದಿಲ್ಲ. ಕನ್ನಡ ನಿಲ್ಲಿಸಿದರೆ ಮಗುವಿಗೆ ಅಜ್ಜಿ ತಾತನ ಜೊತೆಗಿನ ಮಾತೇ ನಿಂತುಹೋಗುತ್ತದೆ.

ರಜೆಗೆ ಊರಿಗೆ ಹೋದಾಗ ನಿಮ್ಹಾನ್ಸ್‌ನಲ್ಲೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ತೋರಿಸಿದವರು ಆ ಕಾಗದಗಳನ್ನು ಜೋಪಾನವಾಗಿ ತನ್ನಿ. ಕನ್ನಡ ಬಲ್ಲವರು ಮಗುವಿನ ಕನ್ನಡವನ್ನು ನೋಡಿ ಬರೆದದ್ದು ಇಲ್ಲಿ ಸಿಗುವುದು ಕಷ್ಟ. ಆದರೆ ಅಲ್ಲಿನ ಬುದ್ಧಿಶಕ್ತಿ ಪರೀಕ್ಷೆಗಳು ಭಾರತದ ಮಕ್ಕಳ ಅಳತೆಯವು. ಅದನ್ನೇ ನಂಬಿ ಇಲ್ಲಿನ ಶಾಲೆ ತೀರ್ಮಾನ ಮಾಡುವುದಿಲ್ಲ, ತನ್ನದೇ ಪರೀಕ್ಷೆ ಮಾಡುತ್ತದೆ.

ರಿಪೋರ್ಟ್ ಬಂದಾಗ ಅದನ್ನು ಮಾರ್ಕ್ಸ್ ಕಾರ್ಡ್ ಥರ ಓದಬೇಡಿ. ಇದು ನನ್ನ ಕಳಕಳಿಯ ಮಾತು. 50ನೇ ಪರ್ಸೆಂಟೈಲ್ ಎಂದು ಇದ್ದದ್ದನ್ನು ನೋಡಿ ನಮ್ಮ ಮಾವ ಫೋನಿನಲ್ಲಿ “ನೂರಕ್ಕೆ ಐವತ್ತೇನಾ?” ಎಂದು ಬೇಜಾರು ಮಾಡಿಕೊಂಡರು. ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಇವನು ನಡುವೆ ನಿಂತಿದ್ದಾನೆ ಎಂದರ್ಥ. ಒಟ್ಟು ಅಂಕದಲ್ಲಿ 100 ಎಂದರೆ ಸರಾಸರಿ. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರೊಳಗೆ ಬರುತ್ತಾರೆ. ಒಳಗಿನ ಚಿಕ್ಕ ಚಿಕ್ಕ ಟೆಸ್ಟ್‌ಗಳಲ್ಲಿ ಸರಾಸರಿ 10. ಹತ್ತು ಎಂದು ಕಂಡು ಎದೆ ಒಡೆದುಕೊಳ್ಳಬೇಡಿ. ನೋಡಬೇಕಾದದ್ದು ಅಂಕಗಳ ನಡುವಿನ ಅಂತರ. ಮಾತಿನಲ್ಲಿ ಯೋಚಿಸುವ ಶಕ್ತಿ 118, ವೇಗ 82 ಎಂದಿದ್ದರೆ, ಆ ಮಗುವಿಗೆ ವಿಷಯ ಗೊತ್ತಿದೆ, ಬರೆದು ಮುಗಿಸಲು ಹೊತ್ತು ಸಾಲುತ್ತಿಲ್ಲ. ಅಂಥ ಮಗುವಿಗೆ ಮನೆಯಲ್ಲಿ “ಸೋಮಾರಿ” ಎಂದು ಬೈದಿದ್ದರೆ ಅದು ನೆನಪಾಗಿ ನೋವಾಗುತ್ತದೆ. ನನಗೂ ಆಯಿತು.

ಶಾಲೆ ಮಾಡಿದ ಪರೀಕ್ಷೆಯ ರಿಪೋರ್ಟನ್ನು ಮೀಟಿಂಗ್‌ಗೆ ಒಂದು ವಾರ ಮೊದಲೇ ಕಳಿಸಿ ಎಂದು ಪ್ಲಾನ್‌ಗೆ ಸಹಿ ಹಾಕುವಾಗಲೇ ಬರೆದುಬಿಡಿ. ಮಗುವಿನ ದಾಖಲೆ ಕೇಳಿದರೆ ಕ್ಯಾಲಿಫೋರ್ನಿಯಾದಲ್ಲಿ ಐದು ಕೆಲಸದ ದಿನಗಳೊಳಗೆ ಕೊಡಬೇಕು. ಆರೇಳು ಜನ ಮೇಜಿನ ಸುತ್ತ ಕೂತು ಮೂವತ್ತು ಪುಟವನ್ನು ಒಂದೇ ಉಸಿರಿಗೆ ಓದುವಾಗ ಯಾರಿಗೂ ಏನೂ ತಲೆಗೆ ಹೋಗುವುದಿಲ್ಲ. ಮೀಟಿಂಗ್‌ನಲ್ಲೇ ಐಇಪಿಗೆ ಸಹಿ ಹಾಕಬೇಕಿಲ್ಲ. ಮನೆಗೆ ತಂದು ಓದಿ. ಒಪ್ಪಿದ ಭಾಗಕ್ಕಷ್ಟೇ ಸಹಿ ಹಾಕಬಹುದು, ಆ ಭಾಗ ಶುರುವಾಗುತ್ತದೆ. ಶಾಲೆಯ ಪರೀಕ್ಷೆಯೇ ಸರಿಯಿಲ್ಲ ಅನ್ನಿಸಿದರೆ, ಹೊರಗಿನವರಿಂದ ಶಾಲೆಯ ಖರ್ಚಿನಲ್ಲಿ ಇನ್ನೊಂದು ಪರೀಕ್ಷೆ ಕೇಳುವ ಹಕ್ಕಿದೆ. ಶಾಲೆ ಅದಕ್ಕೆ ಹಣ ಕೊಡಬೇಕು, ಇಲ್ಲವೇ ತನ್ನ ಪರೀಕ್ಷೆ ಸರಿಯಿದೆ ಎಂದು ವಿಚಾರಣೆಯಲ್ಲಿ ಸಾಧಿಸಬೇಕು.

ಖಾಸಗಿ ರಿಪೋರ್ಟನ್ನು ಶಾಲೆಗೆ ಕೊಡುವುದು ಬಿಡುವುದು ನಿಮ್ಮ ಇಷ್ಟ. ಕೊಟ್ಟ ಮೇಲೆ ಅದು ಶಾಲೆಯ ದಾಖಲೆಯಾಗುತ್ತದೆ. ಹಾಗಾಗಿ ಮನೆಯ ಒಳಗಿನ ವಿಷಯ, ನೆಂಟರ ಕಾಯಿಲೆಯ ಚರಿತ್ರೆ ಇದ್ದರೆ, ಅದನ್ನು ಬಿಟ್ಟು ಶಾಲೆಗೆಂದು ಒಂದು ಪ್ರತಿ ಮಾಡಿಕೊಡಿ ಎಂದು ಸೈಕಾಲಜಿಸ್ಟ್ ಹತ್ತಿರ ಕೇಳಿ.

ಮಗನ ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟದ್ದು ಎರಡು ವಾರದ ಮೇಲೆ, ರಾತ್ರಿ ಮಲಗಿಸುವಾಗ. ಇದರಲ್ಲಿ ಪಾಸು ಫೇಲು ಇಲ್ಲ ಕಣೋ, ನಿನ್ನ ತಲೆಗೆ ಯಾವುದು ಸುಲಭ, ಯಾವುದಕ್ಕೆ ಟೀಚರ್ ಸಹಾಯ ಬೇಕು ಅಂತ ನೋಡಿದ್ದು ಅಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. “ಹಾಗಾದ್ರೆ ಬೇಗ ಬರೆಯೋದಕ್ಕೆ ಸಹಾಯ ಬೇಕು ಅಂತ ಬರೀಬೇಕು ಅವರು” ಅಂದ. ಒಂದು ತಿಂಗಳ ಮೇಲೆ ರಿಪೋರ್ಟ್ ಬಂತು. ಹನ್ನೊಂದನೇ ಪುಟದಲ್ಲಿ ಅದೇ ಇತ್ತು.