ನಮ್ಮ ಕೌಂಟಿಯ ಮನೆಮಾತಿನ ಲೆಕ್ಕ ತೆಗೆದಿದ್ದು

ಅಮೆರಿಕದ ಒಂದು ಪಬ್ಲಿಕ್ ಲೈಬ್ರರಿಯಲ್ಲಿ ನನ್ನ ಕೆಲಸ. ಫಾರಂ, ಬೋರ್ಡುಗಳನ್ನು ಇಂಗ್ಲಿಷ್ ಜೊತೆ ಇನ್ಯಾವ ಭಾಷೆಯಲ್ಲಿ ಮಾಡಿಸೋಣ ಎಂಬ ಮಾತು ಬಂದಾಗ, ಲೆಕ್ಕ ತೆಗೆಯುವ ಕೆಲಸ ನನ್ನ ಪಾಲಿಗೆ ಬಿತ್ತು.

ಸೆನ್ಸಸ್ ಬ್ಯೂರೋದ ಅಮೆರಿಕನ್ ಕಮ್ಯುನಿಟಿ ಸರ್ವೆಯಿಂದ ಶುರು ಮಾಡಿದೆ. 5 ವರ್ಷ ತುಂಬಿದವರ ಭಾಷೆಯ ಬಗ್ಗೆ ಅದರಲ್ಲಿ ಕೇಳುವುದು ಇಷ್ಟೇ: ಮನೆಯಲ್ಲಿ ಇಂಗ್ಲಿಷ್ ಅಲ್ಲದೆ ಬೇರೆ ಭಾಷೆ ಆಡುತ್ತಾರಾ, ಯಾವುದು, ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತೆ. ‘ತುಂಬಾ ಚೆನ್ನಾಗಿ’ ಬಿಟ್ಟು ಬೇರೆ ಏನೇ ಗುರುತು ಹಾಕಿದರೂ ಇಂಗ್ಲಿಷ್ ಕಡಿಮೆ ಇರುವವರ ಲೆಕ್ಕಕ್ಕೆ ಸೇರುತ್ತಾರೆ. ಪರೀಕ್ಷೆ ಗಿರೀಕ್ಷೆ ಏನಿಲ್ಲ. ಮನೆಯಲ್ಲಿ ಒಬ್ಬರು ಕೂತು ಎಲ್ಲರ ಪರವಾಗಿ ತುಂಬುವುದೇ ಜಾಸ್ತಿ. ಅತ್ತೆಯ ಇಂಗ್ಲಿಷಿಗೆ ಸೊಸೆ ಮಾರ್ಕ್ಸ್ ಕೊಟ್ಟ ಹಾಗೆ!

ಸಣ್ಣ ಸಣ್ಣ ಬಡಾವಣೆಗಳ ಮಟ್ಟದಲ್ಲಿ ಸಿಗುವುದು ಈ ಸರ್ವೆಯ ಸಿ16001 ಟೇಬಲ್, ಅಂದರೆ ಯಾವ ಮನೆಮಾತಿನವರು ಎಷ್ಟು ಎಂಬ ಪಟ್ಟಿ. ಅದರಲ್ಲಿ ಕನ್ನಡ ಹುಡುಕಿದರೆ ಸಿಗಲ್ಲ. ಇಂಗ್ಲಿಷ್ ಬಿಟ್ಟು ಇರುವುದೇ 12 ಗುಂಪು. ಹಿಂದಿ, ಗುಜರಾತಿ ಹೋಗಿ ‘ಇತರ ಇಂಡೋ-ಯುರೋಪಿಯನ್’ನಲ್ಲಿ ಕೂತಿವೆ. ಕನ್ನಡ, ತಮಿಳು, ತೆಲುಗು ‘ಇತರ ಏಷ್ಯಾ ಮತ್ತು ಪೆಸಿಫಿಕ್ ದ್ವೀಪ’ಗಳಲ್ಲಿ, ಜಪಾನಿ, ಸಮೋವನ್ ಜೊತೆ. ದೊಡ್ಡ ಪ್ರದೇಶಗಳಿಗೆ ಸಿಗುವ ಬಿ16001ರಲ್ಲಿ ತಮಿಳಿಗೂ ತೆಲುಗಿಗೂ ಸ್ವಂತ ಸಾಲಿದೆ. ನಮಗೆ ಅಲ್ಲೂ ಮಲಯಾಳಂ ಜೊತೆ ಪಾಲು. ಮನೆಮಾತು ಯಾವುದು ಅಂತ ಶಾಲೆಗೆ ಸೇರಿಸುವಾಗಲೂ ಕೇಳುತ್ತಾರಲ್ಲ, ಆ ಪಟ್ಟಿಯನ್ನೂ ಕೇಳಿ ತರಿಸಿಕೊಂಡೆ. ಮಕ್ಕಳಿಲ್ಲದ ಮನೆಗಳು ಅದರಲ್ಲಿ ಬರಲ್ಲ, ನಿಜ. ಆದರೆ ಕನ್ನಡ ಕನ್ನಡ ಅಂತಲೇ ಇತ್ತು.

ಸರ್ವೆಯ ಅಂಕಿಗಳೆಲ್ಲ ಅಂದಾಜು; ಅಂಕಿಯ ಪಕ್ಕದಲ್ಲೇ ಇರುವ ಏರುಪೇರಿನ ಕಾಲಂ (ಮಾರ್ಜಿನ್ ಆಫ್ ಎರರ್, ಅಂದಾಜು ಎಷ್ಟು ಆಚೀಚೆ ಆಗಬಹುದು ಎಂಬುದು) ನೋಡದೆ ಮುಂದೆ ಹೋಗಬೇಡಿ. ಅಂದಾಜು 60, ಏರುಪೇರು 75 ಅಂತಿದ್ದರೆ ಆ ಸಾಲನ್ನು ಬಿಟ್ಟುಬಿಡಿ.

ನಿಜವಾದ ವಿಷಯ ಇರುವುದು ಬಿ16004ರಲ್ಲಿ. ಅದು ವಯಸ್ಸು ಒಡೆದು ತೋರಿಸುತ್ತೆ. ನಮ್ಮ ಕಡೆ 18ರಿಂದ 64ರವರಲ್ಲಿ ಹೆಚ್ಚಿನವರು ‘ತುಂಬಾ ಚೆನ್ನಾಗಿ’. 65 ದಾಟಿದವರ ಸಾಲಿಗೆ ಬಂದರೆ ಚಿತ್ರವೇ ಬೇರೆ. ಎರಡು ತಿಂಗಳಿಗಿಂತ ಜಾಸ್ತಿ ಇರಲು ಬಂದವರನ್ನೂ ಈ ಸರ್ವೆ ಆ ಮನೆಯವರೆಂದೇ ಎಣಿಸುತ್ತೆ. ಹಾಗಾಗಿ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮನೂ ಲೆಕ್ಕಕ್ಕೆ ಬರಬಹುದು.

ಆದರೆ ಸಿ16002ರಲ್ಲಿ ಇವರು ಮಾಯ! ಅದು ಮನೆಗಳ ಲೆಕ್ಕ. 14 ತುಂಬಿದ ಒಬ್ಬರಿಗೆ ಇಂಗ್ಲಿಷ್ ತುಂಬಾ ಚೆನ್ನಾಗಿ ಬಂದರೂ ಸಾಕು, ಆ ಮನೆ ಇಂಗ್ಲಿಷ್ ತೊಂದರೆಯ ಪಟ್ಟಿಯಿಂದ ಹೊರಗೆ. ಕೌಂಟರಿನಲ್ಲಿ ನಾನು ದಿನಾ ನೋಡುವುದು ಇದನ್ನೇ. “ಅಜ್ಜಿ, ಅಡ್ರೆಸ್ ಪ್ರೂಫ್ ಕೇಳ್ತಿದ್ದಾರೆ, ಅಪ್ಪನ್ನ ಕರ್ಕೊಂಡು ಬರೋಣ” ಅಂತ ಮೊಮ್ಮಗಳು ಹೇಳುತ್ತಾಳೆ. ಅವಳು ಸ್ಕೂಲಿಗೆ ಹೋದ ಹೊತ್ತಲ್ಲಿ ಅಜ್ಜಿ ಒಬ್ಬರೇ ಬಂದದ್ದು ನಾನು ಕಂಡಿಲ್ಲ.

ವರದಿಯಲ್ಲಿ ಮನೆಗಳ ಟೇಬಲ್ ಕೈಬಿಟ್ಟು, ವಯಸ್ಸಿನ ಟೇಬಲ್ಲನ್ನೇ ಮೊದಲ ಪುಟಕ್ಕೆ ಹಾಕಿದೆ. ಸ್ಪ್ಯಾನಿಷ್ ಬೋರ್ಡಿಗೆ ಯಾರೂ ತಕರಾರು ಮಾಡಲಿಲ್ಲ. ಜೊತೆಗೆ ಹಿರಿಯರಿಗೆ ವಾರದ ನಡುವೆ, ಬೆಳಗಿನ ಹೊತ್ತು, ಇಂಗ್ಲಿಷ್ ಮಾತಾಡಿಸುವ ಒಂದು ಕ್ಲಾಸ್ ಕೇಳಿದ್ದೆ. ಅದೂ ಪಾಸಾಯಿತು.