ಸಗಣಿ ಹುಳುವಿಗೂ ಸ್ವಭಾವವಿದೆ: ನನ್ನ ಅನುಭವ

"ಗಂಡು ಜಗಳವಾಡುತ್ತೆ, ಹೆಣ್ಣು ಉಂಡೆ ಕಟ್ಟುತ್ತೆ. ಹುಳುವಿಗೆ ಇದಕ್ಕಿಂತ ಜಾಸ್ತಿ ಸ್ವಭಾವ ಎಲ್ಲಿಂದ ಬರಬೇಕು?" ಒಂದೊಂದು ಸಗಣಿ ಹುಳುವಿಗೂ ತನ್ನದೇ ಸ್ವಭಾವ ಇದೆ ಅಂದಾಗ ಹೀಗೆ ಕೇಳಿದವರೇ ಹೆಚ್ಚು. ಈಗ ಲೆಕ್ಕ ನನ್ನ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಾಕಿದ್ದು ಆಂಥೊಫೇಗಸ್ ಟಾರಸ್ ಅನ್ನೋ ಜಾತಿ, ಸಗಣಿಯ ಕೆಳಗೆ ಸುರಂಗ ತೋಡುವ ಸಗಣಿ ಹುಳು. ತಲೆನೋವು ತಂದದ್ದು ಹುಳುವಿಗೆ ಹಾಕುವ ಗುರುತು. ಸ್ವಭಾವ ಅನ್ನಬೇಕಾದರೆ ಅದೇ ಹುಳುವನ್ನು ಮತ್ತೆ ಮತ್ತೆ ಅಳೆಯಬೇಕು, ಅಲ್ವಾ? ಉಗುರುಬಣ್ಣ ಹಚ್ಚಿದರೆ ಒಂದು ರಾತ್ರಿ ಸುರಂಗ ತೋಡುವಷ್ಟರಲ್ಲಿ ಸವೆದಿರುತ್ತಿತ್ತು. ದುಬಾರಿ ಪೇಂಟ್ ಪೆನ್ನಿನದ್ದೂ ಅದೇ ಕಥೆ. ರಾಣಿಜೇನಿಗೆ ಅಂಟಿಸುವ ನಂಬರ್ ಬಿಲ್ಲೆ ತರಿಸಿದೆ. ಅರ್ಧಕ್ಕರ್ಧ ಸಗಣಿಯಲ್ಲೇ ಕಳೆದವು. ಇಡೀ ಕೆಲಸದಲ್ಲಿ ಜಾಸ್ತಿ ದುಡ್ಡು ನುಂಗಿದ್ದು ಈ ಗುರುತೇ, ಕ್ಯಾಮೆರಾ ಅಲ್ಲ. ರೆಕ್ಕೆಚಿಪ್ಪನ್ನು ನಯವಾದ ಉಪ್ಪುಕಾಗದದಿಂದ ಒಂದಿಷ್ಟು ಉಜ್ಜಿ ಅಂಟಿಸಿದ ಮೇಲೆ ಬಿಲ್ಲೆ ನಿಂತಿತು. ಯಾವ ಅಂಟು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹುಳುವನ್ನು ಚಿಮುಟದಲ್ಲಿ ಹಿಡಿದು ತಟ್ಟೆಗೆ ಬಿಟ್ಟರೆ ಕಾಲು ಮಡಚಿ ಸತ್ತ ಹಾಗೆ ಬೀಳುತ್ತದೆ. ಬೇಗ ಎದ್ದರೆ ಧೈರ್ಯದ ಹುಳು ಅಂತ ಲೆಕ್ಕ; ನಾನು ಅಳೆದದ್ದು ಏಳಲು ಹಿಡಿಯುವ ಹೊತ್ತನ್ನೇ. ಮೊದಲು ಮೀಸೆಯ ತುದಿ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮುಂಗಾಲು ಅಲ್ಲಾಡುತ್ತದೆ. ಗಡಿಯಾರ ನಿಲ್ಲಿಸಬೇಕಾದ್ದು ಆಗಲೇ. ಶಾಖ ಮಾತ್ರ ಪ್ರತಿಸಲ ಒಂದೇ ಇರಲಿ. ತಂಪಾದರೆ ಎಂಥ ಧೈರ್ಯದ ಹುಳುವೂ ಸುಮ್ನೆ ಬಿದ್ದಿರುತ್ತದೆ.

ಕೆಲವು ಐದಾರು ಸೆಕೆಂಡಿಗೇ ಎದ್ದು ಓಡಿದವು. ಕೆಲವು ಎರಡು ಮೂರು ನಿಮಿಷ ಮಲಗಿದವು. ವಾರ ಬಿಟ್ಟು ನೋಡಿದರೂ ಬೇಗ ಏಳುವ ಹುಳು ಬೇಗವೇ ಎದ್ದಿತು. ಗಂಡು ಹೆಣ್ಣಿನ ಸರಾಸರಿಯಲ್ಲಿ ಇದ್ದ ವ್ಯತ್ಯಾಸಕ್ಕಿಂತ ಒಂದು ಹೆಣ್ಣಿಗೂ ಇನ್ನೊಂದು ಹೆಣ್ಣಿಗೂ ಇದ್ದ ವ್ಯತ್ಯಾಸವೇ ದೊಡ್ಡದು. ಇದನ್ನು ಯಾರೂ ನಂಬಿರಲಿಲ್ಲ.

ಗಂಡುಗಳನ್ನೆಲ್ಲ ಒಂದೇ ಗುಂಪಿಗೆ ಹಾಕಬೇಡಿ. ಕೊಂಬಿನ ದೊಡ್ಡ ಗಂಡು ಹೆಣ್ಣಿರುವ ಸುರಂಗದ ಬಾಯಿ ಕಾಯುತ್ತದೆ. ಸಣ್ಣದು ಪಕ್ಕದಿಂದ ಇನ್ನೊಂದು ಸುರಂಗ ತೋಡಿ ಹೆಣ್ಣಿನ ಹತ್ತಿರ ನುಸುಳುತ್ತದೆ. ಎದೆಯ ಅಗಲ ಸುಮಾರು 5 ಮಿ.ಮೀ. ದಾಟಿದರೆ ಕೊಂಬು ಒಮ್ಮೆಲೇ ಉದ್ದವಾಗುತ್ತದೆ. ಮರಿಹುಳುವಿಗೆ ಸಿಕ್ಕ ಸಗಣಿ ಎಷ್ಟು ಅನ್ನೋದೇ ಅದನ್ನು ನಿರ್ಧರಿಸುತ್ತದೆ. ಅದಕ್ಕೇ ನಾನು ಎಲ್ಲರನ್ನೂ ಸಣ್ಣ ಅಳತೆಗೆ ಬಳಸುವ ವರ್ನಿಯರ್‌ನಲ್ಲಿ ಅಳೆದು ಬೇರೆ ಬೇರೆ ಪಟ್ಟಿ ಮಾಡಿದೆ.

ಈ ನಡುವೆ ಇದೇ ಕುಲದ ಇನ್ನೊಂದು ಜಾತಿ, ಆಂಥೊಫೇಗಸ್ ಸ್ಯಾಜಿಟೇರಿಯಸ್ ಕೂಡ ತಂದು ಸಾಕಿದ್ದೇನೆ. ಇದರಲ್ಲಿ ಹೆಣ್ಣಿಗೂ ಕೊಂಬು, ಅದೂ ಗಂಡಿನ ಕೊಂಬಿನ ಹಾಗಲ್ಲ. ಸಗಣಿಗಾಗಿ ಹೆಣ್ಣುಗಳೇ ಪೈಪೋಟಿಗೆ ಇಳಿಯುತ್ತವೆ. ಕೊಂಬು ದೊಡ್ಡದಿದ್ದ ಹೆಣ್ಣು ಬೇಗ ಏಳುತ್ತಾ? ಬಿಲ್ಲೆ ಅಂಟಿಸಿ ಆಗಿದೆ, ಎಣಿಕೆ ನಡೆಯುತ್ತಿದೆ.